ತನ್ನ ತಪ್ಪು, ಇನ್ನೊಬ್ಬರ ಕಣ್ಣು: ವಚನಗಳ ಆತ್ಮಪರೀಕ್ಷೆ

ಬಸವಣ್ಣನ ವಚನಗಳಲ್ಲಿ ಛೀಮಾರಿ ಯಾರಿಗೆಲ್ಲ ಬಿದ್ದಿದೆ ಎಂದು ಲೆಕ್ಕ ಹಾಕುತ್ತ ಹೋದರೆ ಬಸವಣ್ಣನ ಹೆಸರೇ ಮೇಲೆ ಬರುತ್ತದೆ. ಅವನ ಮನಸ್ಸು ಕೊಂಬೆಯಿಂದ ಕೊಂಬೆಗೆ ನೆಗೆಯುವ ಮಂಗ. ಚಿತ್ತ ನೋಡಲು ಚೆಂದದ ಅತ್ತಿಹಣ್ಣು, ಬಿಡಿಸಿದರೆ ಒಳಗೆ ಏನೂ ಇಲ್ಲ. ನಡೆ ಒಂದು ದಾರಿ ಹಿಡಿದರೆ ನುಡಿ ಇನ್ನೊಂದು ದಾರಿ ಹಿಡಿಯುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಕಳಚುರಿ ಬಿಜ್ಜಳನ ಭಂಡಾರದ ಕೀಲಿ ಹಿಡಿದಿದ್ದ, ಸಾವಿರಾರು ಜನ ಗುರುವಿನಂತೆ ಕಾಣುತ್ತಿದ್ದ ಮನುಷ್ಯನೊಬ್ಬ ತನ್ನ ಒಳಗಿನ ಕೊಳಕನ್ನು ಇಷ್ಟು ಬಿಡಿಬಿಡಿಯಾಗಿ, ಉತ್ತಮ ಪುರುಷದಲ್ಲಿ, ಆಡುಮಾತಿನಲ್ಲಿ ಹೇಳಿಕೊಂಡದ್ದು ಕನ್ನಡದಲ್ಲಿ ಅದಕ್ಕೆ ಮೊದಲು ಕಾಣದ ಸಂಗತಿ. ಚಂಪೂ ಕಾವ್ಯಗಳಲ್ಲಿ ಮನುಷ್ಯನ ಕೇಡಿಗೆ ದುರ್ಯೋಧನನೋ ರಾವಣನೋ ಬೇಕಿತ್ತು. ವಚನದಲ್ಲಿ ಹೇಳುವವನೇ ಆ ಪಾತ್ರಕ್ಕೂ ಸಾಕು.

ಇವುಗಳಲ್ಲಿ ಹೆಚ್ಚು ಬೆಲೆಯುಳ್ಳದ್ದು ಹೊಗಳಿಕೆಯ ಕುರಿತ ವಚನ. ತನ್ನವರು ಪ್ರೀತಿಯಿಂದಲೇ ಹೊಗಳಿ ಹೊಗಳಿ ತನ್ನನ್ನು ಬಂಗಾರದ ಶೂಲಕ್ಕೆ ಏರಿಸಿದ್ದಾರೆ, ಇದನ್ನು ತಡೆಯಬಾರದೇ ಎಂದು ಅವನು ದೇವರಿಗೆ ಮೊರೆಯಿಡುತ್ತಾನೆ. ಕಾಮ ಕ್ರೋಧಗಳ ಸಿದ್ಧ ಪಟ್ಟಿಯಿಂದ ಎತ್ತಿಕೊಂಡ ದೋಷ ಇದಲ್ಲ. ಅಧಿಕಾರದಲ್ಲಿದ್ದೂ ಒಳ್ಳೆಯವನೆನಿಸಿಕೊಂಡವನಿಗೆ ಮಾತ್ರ ಬರುವ ರೋಗ. ಶೂಲ ಬಂಗಾರದ್ದೆಂದ ಮೇಲೆ ಅದು ಹಿತವಾಗಿಯೂ ಇದೆ ಎಂಬ ಒಪ್ಪಿಗೆ ಅದರಲ್ಲೇ ಸೇರಿದೆ. ಹೊಗಳಿಕೆ ಬೇಡವೆನ್ನುವವರು ಲೋಕದಲ್ಲಿ ಬೇಕಾದಷ್ಟು ಸಿಗುತ್ತಾರೆ. ಬೇಡವೆನ್ನುವಾಗಲೂ ಅದು ರುಚಿಸುತ್ತಿದೆ ಎಂದು ಬಾಯಿಬಿಟ್ಟವರು ಕಡಿಮೆ. ಇನ್ನೊಂದು ವಚನದಲ್ಲಿ ಅವನು ವಿಷಯಸುಖವನ್ನು ಹಸಿರು ಮೇವಿಗೂ ತನ್ನನ್ನು ಪಶುವಿಗೂ ಹೋಲಿಸಿ, ಮೇವನ್ನು ಮುಂದೆ ಹರವಿದವನು ನೀನೇ ಎಂದು ದೇವರ ಮೇಲೆಯೇ ತಪ್ಪು ಹೊರಿಸುತ್ತಾನೆ. ಅಲ್ಲಿ ಆಸೆಯ ಬಗ್ಗೆ ತುಸು ದಯೆ ಕಾಣುತ್ತದೆ, ಎಳೆದದ್ದು ಪಶುವಿನ ಸಹಜ ಗುಣವೆಂಬ ತಿಳಿವಳಿಕೆ. ಮಿಕ್ಕ ಹೆಚ್ಚಿನ ವಚನಗಳಲ್ಲಿ ಆ ದಯೆ ಇಲ್ಲ. ಒಳಗಿನ ಕತ್ತಲೆ ಅಲ್ಲಿ ತೊಳೆದು ಹಾಕಬೇಕಾದ ಮೈಲಿಗೆ.

ಈ ವಚನಗಳನ್ನು ಓದುವ ಪದ್ಧತಿ ಅವುಗಳ ಮೊನೆಯನ್ನು ಬಹಳಮಟ್ಟಿಗೆ ಮುರಿದಿದೆ. ದೊಡ್ಡವರು ತಮ್ಮನ್ನು ಸಣ್ಣವರೆಂದು ಹೇಳಿಕೊಳ್ಳುವುದು ವಿನಯ, ಅದನ್ನು ಅಕ್ಷರಶಃ ತೆಗೆದುಕೊಳ್ಳಬಾರದು ಎಂಬ ವ್ಯಾಖ್ಯಾನ ಸಾಮಾನ್ಯ. ಹಾಗೆ ಓದಿದರೆ ಬಸವಣ್ಣನ ಪ್ರತಿಯೊಂದು ತಪ್ಪೊಪ್ಪಿಗೆಯೂ ಅವನ ಹಿರಿಮೆಗೆ ಇನ್ನೊಂದು ಸಾಕ್ಷಿಯಾಗಿಬಿಡುತ್ತದೆ, ಅಂದರೆ ಅವನು ಯಾವ ಶೂಲದ ಬಗ್ಗೆ ದೂರಿದನೋ ಅದೇ ಶೂಲಕ್ಕೆ ಮತ್ತೆ ಏರಿಸಿದಂತೆ. ಎರಡನೆಯದು ಜೋಡಣೆಯ ಪ್ರಶ್ನೆ. ವಚನಗಳಿಗೆ ತೇದಿ ಇಲ್ಲ. ಯಾವುದನ್ನು ಹರೆಯದಲ್ಲಿ ಹೇಳಿದನೋ ಯಾವುದನ್ನು ಬಿಜ್ಜಳನ ರಾಜಧಾನಿ ಕಲ್ಯಾಣ ಬಿಡುವ ಹೊತ್ತಿಗೆ ಹೇಳಿದನೋ ಗೊತ್ತಾಗುವಂತಿಲ್ಲ. ಆದರೆ ಓಲೆಗರಿಗಳಲ್ಲಿ ಅವುಗಳನ್ನು ಭಕ್ತಿಯ ಆರು ಮೆಟ್ಟಿಲುಗಳಾದ ಷಟ್‌ಸ್ಥಲದ ಕ್ರಮಕ್ಕೆ ಹೊಂದಿಸಿಟ್ಟಾಗ ಮನಸ್ಸಿನ ದೂರುಗಳೆಲ್ಲ ಮೊದಲ ಮೆಟ್ಟಿಲಾದ ಭಕ್ತಸ್ಥಲದಲ್ಲಿ, ಸಂಸಾರಹೇಯಸ್ಥಲದಂಥ ಒಳವಿಭಾಗಗಳಲ್ಲಿ ಕೂತವು. ಓದುವವನಿಗೆ ಇವು ದಾಟಿ ಬಂದ ಹಂತದ ಮಾತುಗಳೆಂಬ ಭಾವನೆ ತಾನಾಗಿಯೇ ಬರುತ್ತದೆ. ಕೊನೆಯವರೆಗೂ ಒಳಗೇ ಇದ್ದ ಜಗಳವನ್ನು ಜೋಡಣೆಯೇ ಮುಗಿಸಿಕೊಟ್ಟಿರುವ ಸಾಧ್ಯತೆ ಇದೆ. ವಿಜಯಪುರದಲ್ಲಿ ವಕೀಲಿ ಮಾಡುತ್ತಲೇ ಓಲೆಗರಿ ಹುಡುಕಿ ಸಂಗ್ರಹಿಸಿದ ಫ. ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಅಚ್ಚು ಹಾಕಿಸದಿದ್ದರೆ ಈ ಚರ್ಚೆಗೆ ಆಧಾರವೇ ಇರುತ್ತಿರಲಿಲ್ಲ. ಶಾಸ್ತ್ರವೆಂದು ಹೆಸರಿಟ್ಟು ವಿಷಯವಾರು ಒಪ್ಪಗೊಳಿಸಿದ್ದರಿಂದ ಬಂದ ಮಿತಿಯನ್ನೂ ಅದರ ಜೊತೆಗೇ ಹೇಳಬೇಕು.

ಬಸವಣ್ಣ ಹುಟ್ಟಿದ ಬಾಗೇವಾಡಿ, ಮಡಿವಾಳ ಮಾಚಯ್ಯನ ದೇವರ ಹಿಪ್ಪರಗಿ, ಸಿಂದಗಿಯಿಂದ ಭೀಮೆಯ ಕಡೆ ಹೊರಟರೆ ಸಿಗುವ ಆಲಮೇಲ, ಇವೆಲ್ಲ ಒಂದೇ ವಿಜಯಪುರದ ಸೀಮೆ. ಇಲ್ಲಿ ಒಳಗಿನ ಕೇಡನ್ನು ಬಾಯಿಬಿಟ್ಟು ಹೇಳುವ ರೂಢಿ ವಚನಗಳೊಂದಿಗೆ ನಿಲ್ಲಲಿಲ್ಲ. ಭೀಮೆಯ ಆಚೆಯ ಕಡಕೋಳ ಮಡಿವಾಳಪ್ಪನ ತತ್ವಪದಗಳು ಮತ್ತು ಖೈನೂರು ಕೃಷ್ಣಪ್ಪ, ಚನ್ನೂರ ಜಲಾಲಸಾಹೇಬರಂಥ ಅವನ ಶಿಷ್ಯರ ಪದಗಳು ಏಕತಾರಿ, ದಮ್ಮಡಿಯ ಜೊತೆಗೆ ರಾತ್ರಿಯಿಡೀ ನಡೆಯುವ ಭಜನೆಗಳಲ್ಲಿ ಉಳಿದು ಬಂದಿವೆ. ಮನಸ್ಸನ್ನು ಎದುರಿಗೆ ಕೂರಿಸಿಕೊಂಡು ಬೈಯುವುದು, ದೇಹದ ಹೊಲಸನ್ನು ಮುಚ್ಚುಮರೆಯಿಲ್ಲದೆ ಎಣಿಸುವುದು ಈ ಹಾಡುಗಳ ಖಾಯಂ ವಸ್ತು. ಭಜನೆಯಲ್ಲಿ ಒಂದು ಅನುಕೂಲವಿದೆ: ಒಬ್ಬ ಎತ್ತಿಕೊಂಡ ಸೊಲ್ಲನ್ನು ಹಿಮ್ಮೇಳ ತಿರುಗಿ ಹಾಡುವಾಗ ಅವನ ದೋಷ ಎಲ್ಲರದೂ ಆಗುತ್ತದೆ, ನಾಚಿಕೆಯ ಭಾರ ಇಳಿಯುತ್ತದೆ. ಎಲ್ಲರದಾದ ದೋಷ ಕೊನೆಗೆ ಯಾರದೂ ಅಲ್ಲದಂತಾಗುವ ಅಪಾಯವೂ ಅದರಲ್ಲೇ ಇದೆ. ಬೀಸುಕಲ್ಲಿನ ಪದಗಳು ಈ ವಿಷಯದಲ್ಲಿ ಇನ್ನೂ ನೇರ. ಹಲಸಂಗಿಯ ಗೆಳೆಯರು ಸಂಗ್ರಹಿಸಿ 1931ರಲ್ಲಿ ಪ್ರಕಟಿಸಿದ ‘ಗರತಿಯ ಹಾಡು’ ಇಂಡಿ ಸೀಮೆಯ ಹೆಣ್ಣುಮಕ್ಕಳ ಬಾಯಿಂದ ಬಂದದ್ದು. ಹಗಲಲ್ಲಿ ಆಡಲಾಗದ ಸಿಟ್ಟು, ಸಂಕಟ, ಹೊಟ್ಟೆಕಿಚ್ಚುಗಳನ್ನು ಬೆಳಗಿನ ಜಾವದ ಕಲ್ಲಿನ ಮುಂದೆ ಮೂರು ಸಾಲಿನಲ್ಲಿ ಆಡಿ ಮುಗಿಸುವ ಜಾಣತನ ತ್ರಿಪದಿಗೆ ಸಹಜ. ಅಲ್ಲಿ ಪಶ್ಚಾತ್ತಾಪದ ಸೋಗಿಲ್ಲ.

ಅದೇ ಹಲಸಂಗಿಯ ಮಧುರಚೆನ್ನರು (1903–1953) ‘ಪೂರ್ವರಂಗ’, ‘ಕಾಳರಾತ್ರಿ’, ‘ಬೆಳಗು’ ಕೃತಿಗಳಲ್ಲಿ ತಮ್ಮ ಒಳಗಿನ ಹುಡುಕಾಟವನ್ನು ಬರೆದಿಟ್ಟರು. ಹೆಸರುಗಳೇ ಸೂಚಿಸುವಂತೆ ಅಲ್ಲಿ ರಾತ್ರಿಗೆ ಬೆಲೆ ಬರುವುದು ಅದು ಬೆಳಗಿಗೆ ಮುಟ್ಟಿಸುವ ದಾರಿಯೆಂಬ ಕಾರಣಕ್ಕೆ. ಷಟ್‌ಸ್ಥಲದ ಮೆಟ್ಟಿಲು ಹೊಸ ಬಟ್ಟೆಯಲ್ಲಿ ಮತ್ತೆ ಬಂದಂತೆ.

ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಗುಸ್ತಾವ್ ಯೂಂಗ್ (1875–1961) ವ್ಯಕ್ತಿತ್ವದ ಕತ್ತಲ ಭಾಗವನ್ನು ನೆರಳು ಎಂದು ಕರೆದ. ಮನುಷ್ಯ ತನ್ನದೆಂದು ಒಪ್ಪಲಾರದ ಆಸೆ, ಹೇಡಿತನ, ಕ್ರೌರ್ಯಗಳೆಲ್ಲ ಅದರಲ್ಲಿ ಸೇರುತ್ತವೆ, ಬಳಸದೆ ಬಿಟ್ಟ ಒಳ್ಳೆಯ ಶಕ್ತಿಗಳೂ ಸೇರಿರುತ್ತವೆ. ಒಪ್ಪದೆ ಹೋದದ್ದನ್ನು ಮನುಷ್ಯ ಇನ್ನೊಬ್ಬರಲ್ಲಿ ಕಂಡು ಸಿಡಿಯುತ್ತಾನೆ ಎಂಬುದು ಅವನ ಮುಖ್ಯ ಮಾತು. ಲೋಕವನ್ನು ತಿದ್ದಲು ಹೊರಟವರಿಗೆ ಮೊದಲು ನಿಮ್ಮ ಮೈಮನಸ್ಸು ನೋಡಿಕೊಳ್ಳಿ ಎಂದು ಬಸವಣ್ಣ ಹೇಳುವಾಗ ಅದೇ ವ್ಯವಹಾರವನ್ನು ಹಿಡಿದಿದ್ದಾನೆ. ಹೋಲಿಕೆಯನ್ನು ಇದಕ್ಕಿಂತ ಬಹಳ ದೂರ ಎಳೆಯಬಾರದು. ವಚನಕಾರ ದೋಷವನ್ನು ಕಳೆದುಕೊಳ್ಳಲು ನೋಡುತ್ತಾನೆ, ಯೂಂಗ್ ಅದರ ಜೊತೆ ಬದುಕುವುದನ್ನು ಕಲಿಯಿರಿ ಎನ್ನುತ್ತಾನೆ. ಆದರೂ ಅವನಿಂದ ಪಡೆಯಬಹುದಾದ ಒಂದು ಪ್ರಶ್ನೆ ವಚನಗಳ ಓದಿಗೆ ತೀರ ಅಗತ್ಯ: ನೆರಳು ಎಂಬುದು ತನಗೆ ಕಾಣದ್ದಾದರೆ, ತಾನೇ ಹೇಳಿಕೊಂಡ ದೋಷ ನೆರಳು ಹೇಗಾದೀತು? ಬಾಯಲ್ಲಿ ಬಂದದ್ದು ಆಗಲೇ ಅರ್ಧ ಬೆಳಕಿಗೆ ಬಂದಿದೆ. ಎಷ್ಟೇ ಪ್ರಾಮಾಣಿಕವಾದರೂ ಆತ್ಮನಿಂದೆಯ ವಚನ ಗೊತ್ತಿರುವ ದೋಷದ ಗಡಿಯಲ್ಲೇ ನಿಲ್ಲುತ್ತದೆ. ಗೊತ್ತಿಲ್ಲದ್ದನ್ನು ತೋರಿಸಲು ಇನ್ನೊಬ್ಬರು ಬೇಕು.

ಆ ಇನ್ನೊಬ್ಬರು ಸಿಗುವುದು ‘ಶೂನ್ಯಸಂಪಾದನೆ’ಯಲ್ಲಿ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಮೊದಲು ಜೋಡಿಸಿದ, ಆಮೇಲೆ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗ, ಗೂಳೂರು ಸಿದ್ಧವೀರಣ್ಣೊಡೆಯ ಪರಿಷ್ಕರಿಸಿದ ಈ ಗ್ರಂಥದಲ್ಲಿ ಬಿಡಿ ವಚನಗಳು ಸಂವಾದಗಳಾಗಿ ನಿಲ್ಲುತ್ತವೆ. ನಡೆದ ಘಟನೆಗಳ ವರದಿ ಎಂದು ಇದನ್ನು ಓದುವಂತಿಲ್ಲ, ಶರಣರ ಕಾಲಕ್ಕೂ ಇದಕ್ಕೂ ಸುಮಾರು ಮುನ್ನೂರು ವರ್ಷಗಳ ಅಂತರವಿದೆ. ಆದರೆ ಮನುಷ್ಯಸ್ವಭಾವದ ಪರೀಕ್ಷೆಯಾಗಿ ಇದು ಬಿಡಿ ವಚನಗಳಿಗಿಂತ ಒಂದು ಕೈ ಮೇಲೆ.

ಸಿದ್ಧರಾಮನ ಪ್ರಸಂಗವನ್ನೇ ನೋಡಬಹುದು. ಸೊನ್ನಲಿಗೆ, ಅಂದರೆ ಇಂದಿನ ಸೊಲ್ಲಾಪುರ, ಆ ಊರಿನಲ್ಲಿ ಅವನು ಗುಡಿ ಕಟ್ಟಿಸಿದ್ದಾನೆ, ಕೆರೆ ಅಗೆಸುತ್ತಿದ್ದಾನೆ. ಲೋಕಕ್ಕೆ ಉಪಕಾರಿ, ಯೋಗಿ, ಯಾರ ಬಾಯಲ್ಲೂ ಅವನ ಮೇಲೆ ಕೆಟ್ಟ ಮಾತಿಲ್ಲ. ಅಲ್ಲಿಗೆ ಬಂದ ಶರಣ ಅಲ್ಲಮಪ್ರಭು ಎಲ್ಲಿ ನಿಮ್ಮ ಒಡ್ಡರಾಮ ಎಂದು ಕೇಳುತ್ತಾನೆ. ಮಣ್ಣು ಅಗೆಯುವ ಕೆಲಸದವರ ಹೆಸರಿಟ್ಟು ಕರೆದದ್ದೇ ಸಾಕು, ಕೆಲಸಗಾರರು ಕಲ್ಲು ಬೀರುತ್ತಾರೆ. ಸುದ್ದಿ ತಿಳಿದ ಸಿದ್ಧರಾಮ ಕೆರಳಿ ಬಂದು ಹಣೆಗಣ್ಣು ತೆರೆಯುತ್ತಾನೆ, ಬೆಂಕಿ ಹೊರಡುತ್ತದೆ, ಅಲ್ಲಮನಿಗೆ ಏನೂ ತಟ್ಟುವುದಿಲ್ಲ. ಇಲ್ಲಿ ಪವಾಡದಷ್ಟೇ ಗಮನಿಸಬೇಕಾದದ್ದು ಬೆಂಕಿ ಎಲ್ಲಿಂದ ಬಂತು ಎಂಬುದು. ಧ್ಯಾನ ಮಾಡಿ ಗಳಿಸಿದ ಕಣ್ಣಿನಿಂದಲೇ ಬಂತು. ಲೋಕಹಿತದ ಕೆಲಸದ ತಳದಲ್ಲಿ ನಾನು ಮಾಡಿಸಿದೆ ಎಂಬ ಹಮ್ಮು ಕೂತಿತ್ತು, ಒಂದು ಅಡ್ಡಹೆಸರು ತಾಗಿದ ಕೂಡಲೇ ಅದು ಊರು ಸುಡುವಷ್ಟು ದೊಡ್ಡದಾಯಿತು. ತನ್ನಲ್ಲಿ ಇಷ್ಟು ಸಿಟ್ಟಿದೆ ಎಂದು ಸಿದ್ಧರಾಮ ಒಬ್ಬನೇ ಕೂತು ನೂರು ವಚನ ಬರೆದಿದ್ದರೂ ಕಂಡುಕೊಳ್ಳುತ್ತಿದ್ದನೇ ಎಂಬುದು ಅನುಮಾನ. ಆ ದೋಷ ಅವನ ಒಳ್ಳೆಯತನದ ಬೆನ್ನಿಗೇ ಅಂಟಿಕೊಂಡಿತ್ತು. ಅಲ್ಲಮ ಅವನನ್ನು ಕೆಟ್ಟವನೆಂದು ತಳ್ಳಿಹಾಕುವುದಿಲ್ಲ, ಮಾತಿಗೆ ಎಳೆಯುತ್ತಾನೆ, ಜೊತೆಗೆ ಕಲ್ಯಾಣಕ್ಕೆ ಕರೆದೊಯ್ಯುತ್ತಾನೆ. ಮುಂದೆ ಪರಂಪರೆ ಅದೇ ಸಿದ್ಧರಾಮನನ್ನು ಶರಣರ ಅತ್ಯುನ್ನತ ಸ್ಥಾನವಾದ ಶೂನ್ಯಪೀಠದ ಮೇಲೆ ಕೂರಿಸಿತು. ಸಿಟ್ಟು ಹೊರಬಿದ್ದದ್ದು ಅವನ ಅರ್ಹತೆಯನ್ನು ಕಳೆಯಲಿಲ್ಲ. ಒಪ್ಪಿಕೊಳ್ಳುವುದು ಎಂದರೆ ಏನೆಂಬುದಕ್ಕೆ ಕನ್ನಡದಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ಹುಡುಕುವುದು ಕಷ್ಟ.

ಆಯ್ದಕ್ಕಿ ಲಕ್ಕಮ್ಮನ ಪ್ರಸಂಗದಲ್ಲಿ ಬೆಂಕಿಯಿಲ್ಲ, ಮನೆಯ ಮಾತಿದೆ. ಬಸವಣ್ಣನ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ನಡೆಸುವ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ತರುತ್ತಾನೆ. ಹೆಂಡತಿ ಗಂಟು ನೋಡಿದ ಕೂಡಲೇ ಹಿಡಿಯುತ್ತಾಳೆ: ಇಷ್ಟು ನಮ್ಮದಲ್ಲ, ಹೆಚ್ಚಿಗೆ ಬೇಕೆಂಬುದು ಅರಸರಿಗೆ ಸಲ್ಲುವ ಆಸೆ, ಹೋಗಿ ಅಲ್ಲೇ ಸುರಿದು ಬಾ. ಜಂಗಮರಿಗೆ ಉಣಿಸಲು ತಂದದ್ದು ತಾನೇ ಎಂಬ ಸಮಜಾಯಿಷಿ ಮಾರಯ್ಯನಿಗೆ ಇತ್ತು, ಅದಕ್ಕಾಗಿಯೇ ಅವನಿಗೆ ತನ್ನ ಆಸೆ ಕಾಣಲಿಲ್ಲ. ಲಕ್ಕಮ್ಮ ಶಾಪ ಹಾಕಲಿಲ್ಲ, ಉಪದೇಶದ ಪೀಠ ಏರಲಿಲ್ಲ. ಅಳತೆ ತಪ್ಪಿದ್ದನ್ನು ತೋರಿಸಿದಳು, ಅಷ್ಟೇ. ಬಸವಣ್ಣನಿಗೂ ಇಂಥ ಪಾಠ ತಪ್ಪಲಿಲ್ಲ. ದಾನಿ ಎಂಬ ಅವನ ಹಮ್ಮನ್ನು ದೇವರ ಹಿಪ್ಪರಗಿಯ ಮಡಿವಾಳ ಮಾಚಯ್ಯ ಮುರಿದ ಕಥೆಯನ್ನು ಬಸವಪುರಾಣದ ಪರಂಪರೆ ಹೇಳುತ್ತ ಬಂದಿದೆ.

ಇನ್ನೊಬ್ಬರು ತಪ್ಪು ತೋರಿಸುವ ಈ ಪದ್ಧತಿಗೂ ಮಿತಿ ಇದೆ, ಶೂನ್ಯಸಂಪಾದನೆಯೇ ಅದನ್ನು ತೋರಿಸುತ್ತದೆ. ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಅಲ್ಲಮ ಕೇಳುತ್ತಾನೆ: ಸೀರೆ ಬಿಟ್ಟವಳು ಕೂದಲನ್ನೇಕೆ ಹೊದ್ದಿದ್ದೀ? ಒಳಗಿನ ಹಣ್ಣು ಮಾಗುವತನಕ ಹೊರಗಿನ ಸಿಪ್ಪೆ ಬೇಕು, ನೋಡುವವರಿಗೆ ನೋವಾಗಬಾರದೆಂದೂ ಮುಚ್ಚಿದ್ದೇನೆ ಎಂಬ ಧಾಟಿಯ ಅವಳ ಉತ್ತರ ಪ್ರಶ್ನೆಗಿಂತ ದೊಡ್ಡದು. ಒಳಗಿನದನ್ನು ಅರಿಯುವುದು ಬೇರೆ, ಅದನ್ನು ಎಲ್ಲರೆದುರು ಹರವಿಡುವುದು ಬೇರೆ. ಸಭೆಯ ನಡುವೆ ಒಬ್ಬ ಹೆಣ್ಣುಮಗಳನ್ನು ಹೀಗೆ ಜಾಲಾಡಿದ್ದು ಗಂಡಸರಿಗಿದ್ದ ಸಲಿಗೆ ಎಂದು ಇಂದಿನ ಓದುಗರು ಆಕ್ಷೇಪಿಸಿದರೆ ಅದು ತಪ್ಪಲ್ಲ.

ಇಂದು ಈ ಸೀಮೆಯಲ್ಲಿ ಉಳಿದಿರುವುದು ಮೊದಲ ಅರ್ಧ, ಅಂದರೆ ತನ್ನನ್ನು ತಾನೇ ಬೈದುಕೊಳ್ಳುವುದು ಮಾತ್ರ. ಶ್ರಾವಣದ ಪುರಾಣ, ಪ್ರವಚನಗಳಲ್ಲಿ ಮಂಗದಂಥ ಮನಸ್ಸಿನ ವಚನ ಹೇಳಿದಾಗ ಕೇಳುವವರು ತಲೆದೂಗುತ್ತಾರೆ, ಎಲ್ಲರೂ ಒಟ್ಟಿಗೆ ಪಾಪಿಗಳಾಗಿ ಒಟ್ಟಿಗೆ ಹಗುರಾಗಿ ಮನೆಗೆ ಹೋಗುತ್ತಾರೆ. ಲಕ್ಕಮ್ಮನಂತೆ ಗಂಟು ಬಿಚ್ಚಿ ನೋಡುವವರಿಗೆ ಅಲ್ಲಿ ಜಾಗವಿಲ್ಲ. ಇನ್ನೊಬ್ಬರು ಪ್ರಶ್ನೆ ಎತ್ತಿದಾಗ ಏನಾಗುತ್ತದೆ ಎಂಬುದಕ್ಕೆ ಸಿಂದಗಿ ತಾಲೂಕಿನ ಗುಬ್ಬೇವಾಡದಲ್ಲಿ ಹುಟ್ಟಿದ ಎಂ. ಎಂ. ಕಲಬುರ್ಗಿಯವರೇ ನಿದರ್ಶನ. ಬಸವಣ್ಣನ ವಚನ ಸಂಪುಟವನ್ನು ಮುಂದೆ ಸಂಪಾದಿಸಿಕೊಟ್ಟ ಈ ವಿದ್ವಾಂಸರು ‘ಮಾರ್ಗ’ ಒಂದನೆಯ ಸಂಪುಟದ ಬರಹಗಳಿಗಾಗಿ 1989ರಲ್ಲಿ ಒತ್ತಡಕ್ಕೆ ಸಿಕ್ಕು ತಮ್ಮ ಮಾತನ್ನು ಹಿಂದಕ್ಕೆ ಪಡೆಯಬೇಕಾಯಿತು. ಬಸವಣ್ಣ ತನ್ನನ್ನು ತಾನು ಎಷ್ಟು ಬೈದುಕೊಂಡರೂ ಕೈಮುಗಿದು ಕೇಳುವ ಸಮಾಜ, ಇನ್ನೊಬ್ಬರಿಂದ ಬಂದ ಒಂದು ಪ್ರಶ್ನೆಗೆ ಸೊನ್ನಲಿಗೆಯ ಕೆಲಸಗಾರರಂತೆ ಕಲ್ಲಿಗೆ ಕೈ ಹಾಕಿತು.

ವಚನಗಳ ಆತ್ಮಪರೀಕ್ಷೆ ದೋಷವನ್ನು ಹೆಸರು ಹಿಡಿದು ಕರೆಯುವುದರಲ್ಲಿ ಸಮರ್ಥವಾದದ್ದು, ಅದರ ಜೊತೆ ಬದುಕುವುದನ್ನು ಕಲಿಸುವುದರಲ್ಲಿ ದುರ್ಬಲವಾದದ್ದು. ಆ ಕೊರತೆಯನ್ನು ತುಂಬುವುದು ಸಂವಾದ. ಆದ್ದರಿಂದ ಇವುಗಳನ್ನು ಹೊಸದಾಗಿ ಓದಹೊರಟವರು ಭಕ್ತಸ್ಥಲದ ವಚನಗಳಿಂದ ಶುರುಮಾಡದೆ, ಶೂನ್ಯಸಂಪಾದನೆಯ ಸಿದ್ಧರಾಮನ ಮತ್ತು ಆಯ್ದಕ್ಕಿ ಮಾರಯ್ಯನ ಪ್ರಸಂಗಗಳನ್ನು ಮೊದಲು ಓದುವುದು ಲೇಸು. ಒಬ್ಬರೇ ಓದುವುದಕ್ಕಿಂತ, ಎದುರಾಡಬಲ್ಲ ಒಬ್ಬರ ಜೊತೆ ಕೂತು ಓದಬೇಕು.