‘ಆರನೆಯ ವಾರ್ಡು’: ಚೆಕಾಫನ ಕಥೆಯಲ್ಲಿ ವೈದ್ಯ ಮತ್ತು ರೋಗಿ

ಹತ್ತೊಂಬತ್ತನೆಯ ಶತಮಾನದ ರಷ್ಯನ್ ಸಾಹಿತ್ಯದಲ್ಲಿ ಚಿತ್ತವಿಕಾರದ ಚಿತ್ರಣಕ್ಕೆ ಒಂದು ಪರಂಪರೆಯೇ ಉಂಟು. ಗೊಗೊಲನ ‘ಹುಚ್ಚನ ದಿನಚರಿ’ಯಲ್ಲಿ (1835) ಬಡ ಗುಮಾಸ್ತನೊಬ್ಬನು ತಾನು ಸ್ಪೇನಿನ ದೊರೆಯೆಂದು ಭ್ರಮಿಸಿ, ಹುಚ್ಚಾಸ್ಪತ್ರೆಯ ಪೆಟ್ಟುಗಳನ್ನು ಆಸ್ಥಾನದ ಸಂಪ್ರದಾಯವೆಂದು ತಿಳಿಯುತ್ತಾನೆ. ಡಾಸ್ಟೊಯೆವ್ಸ್ಕಿಯ ‘ಪ್ರತಿರೂಪ’ದ (1846) ಕೊನೆಯಲ್ಲಿ ನಾಯಕನನ್ನು ಗಾಡಿಯಲ್ಲಿ ಒಯ್ಯುವವನು ಅವನ ವೈದ್ಯನೇ. ಈ ಕೃತಿಗಳಲ್ಲಿ ನಾವು ಬಹುಮಟ್ಟಿಗೆ ರೋಗಿಯ ಕಣ್ಣಿನಿಂದಲೇ ನೋಡುತ್ತೇವೆ. ವೈದ್ಯನ ಅಂತರಂಗ ನಮಗೆ ತಿಳಿಯದು. 1892ರಲ್ಲಿ ಪ್ರಕಟವಾದ ಚೆಕಾಫನ ‘ಆರನೆಯ ವಾರ್ಡು’ ಆ ಅಂತರಂಗವನ್ನೇ ಪರೀಕ್ಷೆಗೆ ಒಡ್ಡಿತು.

ಚೆಕಾಫನು 1884ರಲ್ಲಿ ಮಾಸ್ಕೋ ವಿಶ್ವವಿದ್ಯಾನಿಲಯದಲ್ಲಿ ವೈದ್ಯಶಿಕ್ಷಣವನ್ನು ಮುಗಿಸಿದವನು. ಆದುದರಿಂದ ಅವನ ಹಿರಿಮೆಯನ್ನು ರೋಗಲಕ್ಷಣಗಳ ನಿಖರತೆಯಲ್ಲಿ ಕಾಣುವುದು ಸುಲಭ. ಗ್ರೊಮಾಫನ ಭ್ರಾಂತಿ ಮೊಳೆಯುವ ಬಗೆಯನ್ನು ನೋಡಿದರೆ ಈ ಮಾತು ಸರಿಯೆನಿಸುತ್ತದೆ. ಶರತ್ಕಾಲದ ಒಂದು ಬೆಳಗ್ಗೆ ಅವನು ಸಂಕೋಲೆ ತೊಟ್ಟ ಕೈದಿಗಳನ್ನು ಕಾಣುತ್ತಾನೆ. ನಿರಪರಾಧಿಯಾದ ತನ್ನನ್ನೂ ಹೀಗೆಯೇ ಸೆರೆಹಿಡಿಯಬಹುದೆಂದು ಶಂಕಿಸುತ್ತಾನೆ. ಅನಂತರ ಬೀದಿಯಲ್ಲಿ ಸುಳಿಯುವವರೆಲ್ಲರೂ ಅವನಿಗೆ ಗೂಢಚಾರರು.

ಆದರೆ ಕಥೆಯ ಸತ್ತ್ವ ಈ ನಿಖರತೆಯಲ್ಲಿ ಮುಗಿಯುವುದಿಲ್ಲವೆಂಬುದು ನಮ್ಮ ಅಭಿಪ್ರಾಯ. ವೈದ್ಯ ರಾಗಿನನು ಕ್ರೂರಿಯಲ್ಲ, ವಿದ್ಯಾವಂತ. ಆದರೆ ಮಾರ್ಕಸ್ ಅರೇಲಿಯಸನನ್ನು ಸ್ಮರಿಸುತ್ತ, ಬೆಚ್ಚಗಿನ ಕೋಣೆಗೂ ಈ ವಾರ್ಡಿಗೂ ಭೇದವಿಲ್ಲವೆಂದು ಬೋಧಿಸುತ್ತಾನೆ. ನೋವಿಗೆ ಚೀತ್ಕಾರವೇ ಉತ್ತರವೆಂಬುದು ಗ್ರೊಮಾಫನ ವಾದ. ರೋಗಿಯೊಡನೆ ಹೀಗೆ ನಿತ್ಯವೂ ಸಂಭಾಷಿಸುವುದೇ ಊರಿನವರ ಕಣ್ಣಿಗೆ ವೈದ್ಯನ ಹುಚ್ಚಾಗಿ ತೋರುತ್ತದೆ. ರೋಗಿಯೊಬ್ಬನ ವಿಷಯದಲ್ಲಿ ಸಲಹೆ ಬೇಕೆಂಬ ನೆವದಿಂದ ಸಹೋದ್ಯೋಗಿ ಖೊಬೊತಾಫನು ಅವನನ್ನು ಕರೆದೊಯ್ದು ಅದೇ ವಾರ್ಡಿನಲ್ಲಿ ಕೂಡಿಹಾಕುತ್ತಾನೆ. ರೋಗಿಯ ‘ಭ್ರಾಂತಿ’ ವೈದ್ಯನ ಪಾಲಿಗೆ ವಾಸ್ತವವಾಗುತ್ತದೆ! ಹುಚ್ಚೆಂಬ ಹೆಸರಿಡುವ ಅಧಿಕಾರ ಯಾರ ಕೈಯಲ್ಲಿದೆಯೆಂಬುದೇ ಇಲ್ಲಿ ಮುಖ್ಯವಾದ ಪ್ರಶ್ನೆ.

ಕಾವಲುಗಾರ ನಿಕೀತನ ಪೆಟ್ಟು ಬಿದ್ದಾಗ ರಾಗಿನನಿಗೆ ಅರಿವು ಮೂಡುತ್ತದೆ: ಇಂಥ ನೋವನ್ನು ಇವರು ವರ್ಷಗಟ್ಟಲೆ ಉಂಡಿದ್ದಾರೆ, ಇಪ್ಪತ್ತು ವರ್ಷಗಳಿಗೂ ಮಿಕ್ಕಿ ತಾನು ಅದನ್ನು ತಿಳಿಯಲಿಲ್ಲ, ತಿಳಿಯಲು ಬಯಸಲೂ ಇಲ್ಲ. ಈ ಅದಲುಬದಲು ನೀತಿಕಥೆಯ ಶಿಕ್ಷೆಯಂತೆ ತೀರ ಅಚ್ಚುಕಟ್ಟಾಯಿತೆಂದು ಆಕ್ಷೇಪಿಸಬಹುದು. ಆದರೆ ನೀತಿಕಥೆಯಲ್ಲಿ ಅರಿವಿಗೆ ಫಲವುಂಟು, ಇಲ್ಲಿ ಇಲ್ಲ. ರಾಗಿನನು ಮರುದಿನವೇ ಸಾಯುತ್ತಾನೆ, ವಾರ್ಡು ಹಾಗೆಯೇ ಉಳಿಯುತ್ತದೆ. ಚೆಕಾಫನು ನಿದಾನಮಾಡಿದ ರೋಗ ರೋಗಿಗಳದಲ್ಲ. ಪರರ ನೋವನ್ನು ತತ್ತ್ವದಿಂದ ಮುಚ್ಚುವ ಸಜ್ಜನರದು.