ಕಡಲಕಳೆ: ಪ್ಯಾಕೆಟ್ ಹೇಳದ ಮಾತು

ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ ಈಗ ಚಿಪ್ಸ್ ಪಕ್ಕದಲ್ಲೇ ಕಡಲಕಳೆಯ ತಿಂಡಿಯೂ ಸಿಗುತ್ತೆ. ‘ಸೂಪರ್‌ಫುಡ್’, ‘ನೈಸರ್ಗಿಕ ಅಯೋಡಿನ್’ ಅಂತ ಹೊಗಳಿಕೆ ಬೇರೆ. ನನ್ನ ತಕರಾರು ಕಡಲಕಳೆಯ ಮೇಲಲ್ಲ, ಈ ಹೊಗಳಿಕೆಯ ಮೇಲೆ. ‘ಸೊಪ್ಪು ತಿನ್ನಿ’ ಅಂದ್ರೆ ಯಾವ ಸೊಪ್ಪು ಅಂತ ಕೇಳ್ತೀವಿ. ಇಲ್ಲಿ ಮಾತ್ರ ಯಾಕೆ ಕೇಳಲ್ಲ?

ಕಡಲಕಳೆ ಒಂದೇ ಪದಾರ್ಥವಲ್ಲ. ಸುಶಿಗೆ ಸುತ್ತುವ ತೆಳ್ಳನೆ ಹಾಳೆ ನೋರಿ. ಅದರಲ್ಲಿ ಅಯೋಡಿನ್ ಕಡಿಮೆ. ಜಪಾನೀಯರು ಸಾರಿನ ರುಚಿಗೆ ಬಳಸುವ ಕೊಂಬು ಬೇರೆಯೇ ಜಾತಿ. ವಯಸ್ಕರಿಗೆ ದಿನಕ್ಕೆ ಬೇಕಾದ ಅಯೋಡಿನ್ ಸುಮಾರು 150 ಮೈಕ್ರೋಗ್ರಾಂ. ಒಂದು ಗ್ರಾಂ ಒಣ ಕೊಂಬುವಿನಲ್ಲಿ ಅದರ ಹತ್ತು ಪಟ್ಟಿಗಿಂತ ಹೆಚ್ಚು ಇರಬಹುದು. ಯುರೋಪಿನ ತಜ್ಞರು ಹಾಕಿರುವ ಗರಿಷ್ಠ ಮಿತಿ ದಿನಕ್ಕೆ 600. ಅಯೋಡಿನ್ ಕಡಿಮೆಯಾದ್ರೆ ಗಳಗಂಡ ಅಂತ ಶಾಲೆಯಲ್ಲೇ ಓದಿದ್ದೇವೆ. ಅತಿಯಾದ್ರೂ ಥೈರಾಯ್ಡ್ ಕೆಡುತ್ತೆ, ಕೆಲವರಲ್ಲಿ ಚುರುಕಾಗಿ, ಕೆಲವರಲ್ಲಿ ಮಂದವಾಗಿ. ನಮ್ಮ ಅಡುಗೆಮನೆಯ ಉಪ್ಪಿನಲ್ಲಿ ಅಯೋಡಿನ್ ಮೊದಲೇ ಇದೆ ಅನ್ನೋದನ್ನೂ ಈ ಹೊಗಳಿಕೆ ಮರೆತುಬಿಡುತ್ತೆ.

ಇದು ಬರೀ ಲೆಕ್ಕದ ಭಯವಲ್ಲ. 2009ರಲ್ಲಿ ಆಸ್ಟ್ರೇಲಿಯಾದಲ್ಲಿ ಬಾನ್‌ಸಾಯ್ ಎಂಬ ಸೋಯಾ ಹಾಲನ್ನು ಮಾರುಕಟ್ಟೆಯಿಂದ ವಾಪಸ್ ತರಿಸಿಕೊಳ್ಳಬೇಕಾಯ್ತು. ಅದಕ್ಕೆ ಸೇರಿಸಿದ್ದ ಕೊಂಬುವಿನಿಂದ ಅಯೋಡಿನ್ ವಿಪರೀತ ಏರಿತ್ತು. ಕುಡಿದು ಕಾಯಿಲೆಬಿದ್ದವರು ಒಟ್ಟಾಗಿ ಕೋರ್ಟಿಗೆ ಹೋದರು, 2014ರಲ್ಲಿ 2.5 ಕೋಟಿ ಆಸ್ಟ್ರೇಲಿಯನ್ ಡಾಲರಿಗೆ ರಾಜಿಯಾಯ್ತು.

ಇನ್ನು ಹಿಜಿಕಿ ಅನ್ನೋ ಕಪ್ಪು ಕಡಲಕಳೆಯದು ಬೇರೆ ಕಥೆ. ಅದರಲ್ಲಿ ಇನಾರ್ಗ್ಯಾನಿಕ್ ಆರ್ಸೆನಿಕ್ ಇರುತ್ತೆ, ಕ್ಯಾನ್ಸರ್ ತರಬಲ್ಲ ಬಗೆಯದು. ಬ್ರಿಟನ್ನಿನ ಆಹಾರ ಮಾನದಂಡ ಸಂಸ್ಥೆ 2004ರಲ್ಲೇ ಹಿಜಿಕಿ ತಿನ್ನಬೇಡಿ ಅಂತ ಹೇಳಿತು. ಅದೇ ಪರೀಕ್ಷೆಯಲ್ಲಿ ನೋರಿ, ಕೊಂಬುಗಳಲ್ಲಿ ಈ ಬಗೆಯ ಆರ್ಸೆನಿಕ್ ಸಿಗಲಿಲ್ಲ. ಅಂದ್ರೆ ಒಂದು ಜಾತಿಗೆ ಅಯೋಡಿನ್ ಚಿಂತೆ, ಇನ್ನೊಂದಕ್ಕೆ ಆರ್ಸೆನಿಕ್ ಚಿಂತೆ, ಮತ್ತೊಂದಕ್ಕೆ ಅಷ್ಟೇನೂ ಚಿಂತೆಯಿಲ್ಲ.

ಹಾಗಾಗಿ ವಾರಾಂತ್ಯದ ಸುಶಿಗೆ ಹೆದರಬೇಕಿಲ್ಲ. ಆದರೆ ದಿನಾ ಕೆಲ್ಪ್ ಪುಡಿ, ಕೆಲ್ಪ್ ಮಾತ್ರೆ ತಗೊಳ್ಳೋರು ಯೋಚಿಸಬೇಕು. ಕೆಲ್ಪ್ ಅಂದ್ರೆ ಕೊಂಬುವಿನ ಬಳಗವೇ. ಥೈರಾಯ್ಡ್ ತೊಂದರೆ ಇರೋರು, ಗರ್ಭಿಣಿಯರು ಮೊದಲು ಡಾಕ್ಟರನ್ನ ಕೇಳೋದು ಒಳ್ಳೇದು.

ಪ್ಯಾಕೆಟ್ಟಿನಿಂದ ನಾನು ಕೇಳೋದು ಮೂರೇ ಮಾತು: ಯಾವ ಜಾತಿ, ಎಷ್ಟು ಅಯೋಡಿನ್, ದಿನಕ್ಕೆ ಎಷ್ಟು ತಿನ್ನಬಹುದು. ‘ಸೂಪರ್’ ಅಂತ ಅಚ್ಚು ಹಾಕೋಕೆ ಜಾಗ ಇದೆ ಅಂದ್ಮೇಲೆ ಇದಕ್ಕೂ ಇರಲೇಬೇಕು.