ಜಾಹೀರಾತಿನ ‘ರೀ’

ಜಾಹೀರಾತೂ ಒಂದು ಬಗೆಯ ಸಾಹಿತ್ಯವೆಂದರೆ ಪಂಡಿತರು ಹುಬ್ಬು ಗಂಟಿಕ್ಕಿಯಾರು. ಆದರೆ ಪಂಪನ ಒಂದು ಪದ್ಯವನ್ನೂ ಓದದ ಮನೆಯಲ್ಲಿಯೂ ದಿನಕ್ಕೆ ಹತ್ತು ಸಲ ಕೇಳಿಬರುವ ಕನ್ನಡ ಇದೇ ಆಗಿರುವಾಗ, ಅದನ್ನು ವಿಮರ್ಶೆಯ ತಕ್ಕಡಿಯಲ್ಲಿಡದೆ ಬಿಡುವುದು ಸರಿಯಲ್ಲ. ಧಾರವಾಡದ ಕಡೆಯವನನ್ನು ತೋರಿಸಬೇಕಾದಾಗ ಅದು ಕಟ್ಟುವ ಪಾತ್ರವನ್ನು ನೋಡಿರಿ: ತಲೆಗೆ ರುಮಾಲು, ದಪ್ಪ ಮೀಸೆ, ಮುಂದೆ ಜೋಳದ ರೊಟ್ಟಿ, ಗಂಟಲು ಹರಿಯುವ ದನಿ, ಪ್ರತಿ ವಾಕ್ಯದ ಬಾಲಕ್ಕೊಂದು ‘ರೀ’. ಚಲನಚಿತ್ರದ ಹಾಸ್ಯಪಾತ್ರದಿಂದ ಎರವಲು ತಂದ ಗೊಂಬೆ ಇದು.

ನನ್ನ ತರಗತಿಯಲ್ಲಿ ನವಲಗುಂದ, ಕುಂದಗೋಳಗಳ ಹಳ್ಳಿಯ ಮಕ್ಕಳಿದ್ದಾರೆ. ಇಂಥ ಒಂದು ಜಾಹೀರಾತಿನ ಮಾತನ್ನು ಹಲಗೆಯ ಮೇಲೆ ಬರೆದು ಅಭಿಪ್ರಾಯ ಕೇಳಿದೆ. “ಹಿಂಗ ಯಾರ್ ಮಾತಾಡ್ತಾರ್ರೀ ಸರ?” ಎಂದು ಒಬ್ಬ ನಕ್ಕ. “ಆದ್ರೂ ನಮ್ ಮಾತು ಟೀವ್ಯಾಗ ಬಂತಲ್ರೀ” ಎಂದಳೊಬ್ಬ ಹುಡುಗಿ. ಅವಳ ಸಂತೋಷವನ್ನು ತಳ್ಳಿಹಾಕುವ ಮನಸ್ಸು ನನಗಿಲ್ಲ. ಆದರೆ ಬೆಂಗಳೂರಿಗೆ ಸಂದರ್ಶನಕ್ಕೆ ಹೊರಟ ಮೂರನೆಯವನು, “‘ಐತಿ’ ಅನ್ನೂದು ಬಿಡಿಸ್ರಿ ಸರ, ಅಲ್ಲಿ ನಗತಾರ” ಎಂದಾಗ ನನಗೆ ನಗು ಬರಲಿಲ್ಲ.

‘ರೀ’ ಎಂಬುದು ಒಗ್ಗರಣೆಯಲ್ಲ, ಸಂಬಂಧ. ಹಿರಿಯರಿಗೆ, ಅಪರಿಚಿತರಿಗೆ ‘ಬರ್ರಿ, ಕೂಡ್ರಿ’, ಓರಗೆಯವನಿಗೆ ‘ಬಾರಲೇ’, ಕಿರಿಯನಿಗೆ ‘ಬಾರೋ ತಮ್ಮಾ’. ನಾನು ಹಲಗೆಯ ಮೇಲೆ ಬರೆದ ಮಾತಿನಲ್ಲಿ ಅಪ್ಪ ತನ್ನ ಎಳೆಯ ಮಗನಿಗೂ ‘ರೀ’ ಎನ್ನುತ್ತಾನೆ! ಇನ್ನು ನವಲಗುಂದದ ರೈತ ‘ಐತಿ’ ಎಂದರೆ, ಧಾರವಾಡ ಮಾಳಮಡ್ಡಿಯ ಹಳೆಯ ಮನೆಗಳಲ್ಲಿ ‘ಅದ’. ಕಲಬುರ್ಗಿಯವರದೂ ‘ಅದ’ವೇ, ರಾಗ ಮಾತ್ರ ಬೇರೆ. ಎರಡನ್ನೂ ಒಂದೇ ಬಾಯಿಗೆ ತುರುಕಿದರೆ ಊರು, ಜಾತಿ, ಜಿಲ್ಲೆ ಎಲ್ಲವೂ ಕಲಸುಮೇಲೋಗರ.

ರೊಟ್ಟಿಯ ಮಾತೂ ಅಷ್ಟೆ. ನವಲಗುಂದ, ಅಣ್ಣಿಗೇರಿಗಳ ಎರೆಭೂಮಿಗೆ ಜೋಳ, ಕಡಲೆ, ಹತ್ತಿ ಸಹಜ. ಕಲಘಟಗಿಯಾದರೋ ಅರೆಮಲೆನಾಡು; ಅಲ್ಲಿ ಭತ್ತದ ಗದ್ದೆಗಳಿವೆ, ಮರದ ತೊಟ್ಟಿಲಿಗೆ ಬಣ್ಣ ಬರೆಯುವ ಕೈಗಳಿವೆ. ನವಲಗುಂದದ ಜಮಖಾನೆ ನೇಯುವ ಮುಸಲ್ಮಾನ ಹೆಣ್ಣುಮಕ್ಕಳಿಗೆ ಈ ರುಮಾಲಿನ ಚಿತ್ರದಲ್ಲಿ ಜಾಗವೆಲ್ಲಿ? ಒರಟು ದನಿಯೆಂದು ಹೆಸರಿಟ್ಟವರು, ಭೀಮಸೇನ ಜೋಶಿಯವರು ಸವಾಯಿ ಗಂಧರ್ವರ ಬಳಿ ದನಿ ತಿದ್ದಿಕೊಂಡದ್ದು ಕುಂದಗೋಳದಲ್ಲಿ ಎಂಬುದನ್ನಾದರೂ ನೆನೆಯಬಹುದಿತ್ತು. ದನಿ ಗಟ್ಟಿಯಾದದ್ದೂ ಉಂಟು: 1980ರ ಜುಲೈ 21ರಂದು ನವಲಗುಂದದ ರೈತರು ಮಲಪ್ರಭಾ ನೀರಾವರಿಯ ಕರದ ವಿರುದ್ಧ ಎದ್ದರು. ಅದಕ್ಕೆ ದೊರೆತ ಉತ್ತರ ಗೋಲೀಬಾರು.

ಈ ಮಾತು ನಗೆಗಷ್ಟೇ ಸಲ್ಲುವುದೆಂಬ ಭ್ರಮೆಯನ್ನು ಬೇಂದ್ರೆಯವರು ಎಂದೋ ಒಡೆದಿದ್ದರು. 1964ರ ‘ನಾಕುತಂತಿ’ಗೆ 1973ರ ಜ್ಞಾನಪೀಠ ಬಂದಿತು. 1997ರಲ್ಲಿ ನಾಗಾಭರಣರ ‘ನಾಗಮಂಡಲ’ ತೆರೆಗೆ ಬಂದಾಗ ರಾಣಿ ಅಂಜಿದ್ದೂ ಒಲಿದದ್ದೂ ಈ ಕಡೆಯ ಮಾತಿನಲ್ಲಿಯೇ.

ಮೂವತ್ತು ಸೆಕೆಂಡುಗಳಲ್ಲಿ ಮನುಷ್ಯನನ್ನು ಗುರುತಿಸಿಕೊಡಲು ಇಂಥ ಸಿದ್ಧ ಗುರುತು ಬೇಕಾಗುತ್ತದೆ ಎಂದು ಜಾಹೀರಾತಿನವರು ಸಮಾಧಾನ ಹೇಳಬಹುದು. ಅಷ್ಟು ಹೊತ್ತು ಕಡಿಮೆಯೇನಲ್ಲ. ಅಣ್ಣಿಗೇರಿಯ ಸಂತೆಯಲ್ಲಿ ಮೆಣಸಿನಕಾಯಿ ಮಾರುವವಳು ಮುದುಕಿಗೆ ‘ಯವ್ವಾ’, ಶಾಲೆಯ ಬಾಯಿಗೆ ‘ಅಕ್ಕಾರ’, ಪೇಟೆಯಿಂದ ಬಂದವನಿಗೆ ‘ಸಾವಕಾರ್ರ’ ಎನ್ನುತ್ತ, ಅದಕ್ಕಿಂತ ಬೇಗ ಮೂರು ಗಿರಾಕಿಗಳನ್ನು ಸಾಗಹಾಕುತ್ತಾಳೆ.